ಕಸದ ಬುಟ್ಟಿಯೊಳಗಿನ ದನಿ

ಬಂಗಾರ ಬಚ್ಚಿಡೋದಾದರೆ ಕುಳ್ಳಿನ ಬಣವೆಯಲ್ಲಿ ಬಚ್ಚಿಡು, ಕಳ್ಳ ಟ್ರಂಕು ಒಡೀತಾನೆ, ಗೋಡೆ ಕೊರೀತಾನೆ, ಸಗಣಿಗೆ ಮಾತ್ರ ಕೈ ಹಾಕೋದಿಲ್ಲ. ಇದು ಶಾಂಭವಿಯ ಅತ್ತೆ ಕೊಟ್ರಬಸಮ್ಮನ ಮಾತು. ಆಯಮ್ಮ ಬರೀ ಹೇಳಿದವಳಲ್ಲ, ಮಾಡಿ ತೋರಿಸಿದವಳು. ಅವಳ ಬೋರಮಾಳ ಸರ ಮೂವತ್ತು ವರ್ಷ ಕುಳ್ಳಿನ ನಡುವೆಯೇ ಇತ್ತು, ಒಬ್ಬರಿಗೂ ವಾಸನೆ ಹತ್ತಲಿಲ್ಲ. ಶಾಂಭವಿಯೇನೋ ಬಿ.ಕಾಂ. ಓದಿದವಳು, ಕೂಡ್ಲಿಗಿ ತಾಲೂಕು ಆಫೀಸಿನ ಎದುರಿಗೆ ಕಂಪ್ಯೂಟರ್ ಸೆಂಟರ್ ಇಟ್ಟವಳು. ಆದರೆ ಕಷ್ಟ ಬಂದಾಗ ಓದಿದ್ದು ಎಲ್ಲಿ ನೆನಪಾಗುತ್ತದೆ? ಅತ್ತೆ ಹೇಳಿದ್ದೇ ನೆನಪಾಯಿತು. ಬೊಮ್ಮಮ್ಮನ ದನಿಯನ್ನು ಅವಳು ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ, ಅದೇ ಆ ರೀಸೈಕಲ್ ಬಿನ್ನಿನಲ್ಲಿ, ಬಚ್ಚಿಟ್ಟಳು.

ದನಿ ಬಂದದ್ದು ಹೀಗೆ. ಶಾಂಭವಿಗೆ ಒಂದು ಹುಚ್ಚು. ಪೇಪರಿನಲ್ಲಿ ವಿಂಡೋಸ್ ಬಗ್ಗೆ ಏನು ಬಂದರೂ ಕತ್ತರಿಸಿ ಉದ್ದ ನೋಟ್‌ಬುಕ್ಕಿಗೆ ಅಂಟಿಸೋದು. ಈ ವಾರ ಯಾವ ವೈರಸ್ ಬಂದಿದೆ, ಅದನ್ನು ಓಡಿಸೋ ತಂತ್ರಾಂಶ ಪುಗಸಟ್ಟೆ ಎಲ್ಲಿ ಸಿಗುತ್ತದೆ, ಕನ್ನಡ ಅಕ್ಷರ ಚೌಕಚೌಕವಾಗಿ ಕಂಡರೆ ಏನು ಮಾಡಬೇಕು, ಎಲ್ಲ ಅದರಲ್ಲಿತ್ತು. ಹೊಸಪೇಟೆ ಬಸ್ ಸ್ಟ್ಯಾಂಡಿನಿಂದ ತಿಂಗಳಿಗೊಂದು ಕಂಪ್ಯೂಟರ್ ಮ್ಯಾಗಜಿನ್ ತರಿಸುತ್ತಿದ್ದಳು, ಅದರ ಜೊತೆ ಬರುವ ಸೀಡಿಯಲ್ಲಿ ಇಂಥ ಪುಗಸಟ್ಟೆ ತಂತ್ರಾಂಶಗಳು ರಾಶಿ ಇರುತ್ತಿದ್ದವು. ತಾಲೂಕು ಆಫೀಸಿನ ಗುಮಾಸ್ತರು ಚಾ ಕುಡಿಯೋಕೆ ಹೊರಬಿದ್ದರೆ ಇವಳ ಬಾಗಿಲಿಗೆ ತಲೆ ಹಾಕಿ, "ಶಾಂಭವಮ್ಮಾರ, ಈ ತಿಂಗಳು ಏನರ ಫ್ರೀ ಬಂದೈತೇನ್ರಿ?" ಅಂತ ಕೇಳಿಯೇ ಹೋಗೋರು.

ಒಂದು ಸಲ ದನಿ ಹಿಡಿಯುವ ತಂತ್ರಾಂಶವೊಂದು ಬಂತು. ಅದನ್ನು ಪರೀಕ್ಷೆ ಮಾಡುತ್ತಿದ್ದಾಗ ಗುಡೇಕೋಟೆಯ ಬೊಮ್ಮಮ್ಮ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು. ಪಹಣಿ ತೆಗೆಸೋಕೆ ಬಂದವಳು, ಆಫೀಸಿನಲ್ಲಿ ಸಾಹೇಬರಿಲ್ಲ ಅಂತ ಕಾಯುತ್ತಿದ್ದವಳು. "ಯವ್ವಾ, ಒಂದು ಹಾಡು ಹೇಳು" ಅಂದಳು ಶಾಂಭವಿ. ಬೊಮ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ಬೀಸುವ ಕಲ್ಲಿನ ಹಾಡು ಹೇಳಿದಳು. ಹಾಡಾದ ಮೇಲೆ ಏನೇನೋ ಮಾತಾಡಿದಳು, ಶಾಂಭವಿ ನಿಲ್ಲಿಸೋದನ್ನು ಮರೆತು ಅದೂ ಸೇರಿಹೋಯಿತು. ಎದ್ದು ಹೋಗುವಾಗ ಬೊಮ್ಮಮ್ಮ ಕೈ ಹಿಡಿದುಕೊಂಡಳು. "ಗಂಡಸರ ಕಿವಿಗಿ ಬೀಳಬಾರದು ನೋಡವ್ವ. ಆಣಿ ಮಾಡು" ಅಂದಳು. ಶಾಂಭವಿ ಆಣೆ ಮಾಡಿದಳು. ಆದರೆ ಟೈಪಿಂಗ್ ಕಲಿಯೋಕೆ ಬರುವ ಪಡ್ಡೆಗಳು ಹಾಡಿನ ಫೈಲ್ ಕಂಡರೆ ಬಿಡುತ್ತಿದ್ದರೇ? ಎಲ್ಲಿಟ್ಟರೂ ಹುಡುಕಿ ಹಚ್ಚೋರು. ಕಸದ ಬುಟ್ಟಿಯೊಂದನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ.

ಅದಾಗಿ ನಾಲ್ಕು ತಿಂಗಳಿಗೆ, ಮೇ ತಿಂಗಳ ಅಮಾವಾಸ್ಯೆಯ ದಿನ ಬೆಳಿಗ್ಗೆ ಹತ್ತಕ್ಕೆ, ಒಬ್ಬ ಮುದುಕ ಬಾಗಿಲಲ್ಲಿ ನಿಂತ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಬಗಲಲ್ಲಿ ಒಂದು ಟೇಪ್ ರೆಕಾರ್ಡರ್.

"ಉಂಡಿಯೇನವ್ವಾ?" ಅಂದ.

"ಹತ್ತು ಗಂಟಿಗಿ ಯಾರು ಉಣ್ತಾರ ಯಜ್ಜಾ? ಬಾ, ಕುಂದ್ರು. ಏನಾಗಬೇಕಿತ್ತು?"

"ನಾನು ಜಂಬಯ್ಯ, ಗುಡೇಕೋಟಿ. ಬೊಮ್ಮಮ್ಮ ನಮ್ಮಾಕಿ." ಕೂರಲಿಲ್ಲ, ಕೋಲಿಗೆ ಒರಗಿಯೇ ನಿಂತ. "ಹುಣ್ಣಿವಿ ಮರುದಿನ ಹ್ವಾದ್ಲವ್ವ. ನಾನು ಸಿರಿಗುಪ್ಪದ ಕಡೆ ಗದ್ಯಾಗ ಕುರಿ ತರುಬಿದ್ದೆ. ಸುದ್ದಿ ಮುಟ್ಟಿ ನಾ ಬರೋದ್ರಾಗ ಮಣ್ಣು ಮಾಡಿ ಮೂರು ದಿನ ಆಗಿತ್ತು. ಮಾರಿ ನೋಡಲಿಲ್ಲ. ಕಡೀ ಮಾತು ಕೇಳಲಿಲ್ಲ."

ಶಾಂಭವಿ ಅವನ ಕಡೆ ಪೂರಾ ತಿರುಗಿದಳು. ಆ ನಗುವ ಬೊಮ್ಮಮ್ಮ ಇಲ್ಲವೇ?

"ಕಡೀಕ ಬಾಜೂ ಮನ್ಯಾಕಿಗೆ ಹೇಳ್ಯಾಳಂತ, ಕೂಡ್ಲಿಗಿ ಶಾಂಭವಮ್ಮನ ಪೆಟಿಗ್ಯಾಗ ನನ್ನ ದನಿ ಐತಿ, ನಮ್ಮಾತ ಬಂದ ಮ್ಯಾಲೆ ಆತಗ ಕೊಡಾಕ ಹೇಳು ಅಂತ. ಫೋಟನೂ ಇಲ್ಲವ್ವ ಆಕೀದು ನಮ್ಮ ಮನ್ಯಾಗ. ಇದೊಂದ." ಟೇಪ್ ರೆಕಾರ್ಡರನ್ನು ಮೇಜಿನ ಮೇಲಿಟ್ಟ. ಹೊಸ ಸೆಲ್ಲು ಹಾಕಿಸಿದ್ದ, ಹೊಸ ಕ್ಯಾಸೆಟ್ ತಂದಿದ್ದ. ಪಕ್ಕದಲ್ಲಿ ರೊಟ್ಟಿಯ ಗಂಟನ್ನೂ ಇಟ್ಟ. "ನಿನ್ನಿ ಸಂಜಿಂದ ಗಂಟಲದಾಗ ಇಳೀವಲ್ದು. ಆಕಿ ದನಿ ಕೇಳಿದ ಮ್ಯಾಲೆ ಉಣ್ತೀನಿ."

"ಐತಿ ಯಜ್ಜಾ, ಈಗ ಕೇಳಸ್ತೀನಿ ತಡಿ" ಅಂದಳು ಶಾಂಭವಿ. ಮೌಸ್ ಹಿಡಿದಳು. ಕಸದ ಬುಟ್ಟಿ ತೆರೆದಳು.

ಬುಟ್ಟಿ ಖಾಲಿ. ತೊಳೆದಿಟ್ಟ ಹಾಗೆ ಖಾಲಿ.

ಒಂದು ಗಳಿಗೆ ಅವಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ಮಾನಿಟರಿನ ಹಣೆಗೆ ಹಚ್ಚಿದ್ದ ವಿಭೂತಿ ಕಂಡಿತು, ಕೀಬೋರ್ಡಿನ ಮುಂದೆ ಕೊಯ್ದ ನಿಂಬೆಹಣ್ಣು ಕಂಡಿತು. ಅಮಾವಾಸ್ಯೆ ಪೂಜೆ!

"ರೀ!" ಅಂತ ಕೂಗಿದಳು. ಪಕ್ಕದ ಕಿರಾಣಿ ಅಂಗಡಿಯಿಂದ ಗಂಡ ಗಂಗಾಧರ ಕೈ ಒರೆಸಿಕೊಳ್ಳುತ್ತಾ ಬಂದ. ಈ ಗಂಗಾಧರನ ಭಕ್ತಿ ಏನು ಕೇಳುತ್ತೀರಿ! ತಿಂಗಳಿಗೊಂದು ಅಮಾವಾಸ್ಯೆ, ಅವತ್ತು ಎರಡೂ ಅಂಗಡಿ ಗುಡಿಸಿ, ತೊಳೆದು, ಕಸ ಆಚೆ ಹಾಕಿ, ತಕ್ಕಡಿಗೂ ಕಂಪ್ಯೂಟರಿಗೂ ಒಂದೇ ಅಗರಬತ್ತಿ ಬೆಳಗುವವನು.

"ಇವತ್ತು ಕಂಪ್ಯೂಟರ್ ಮುಟ್ಟಿದ್ರೇನು?"

"ಪೂಜಿ ಮಾಡಿದ್ನೆಲ್ಲ. ಚಾಲೂ ಮಾಡಿ ವಿಭೂತಿ ಹಚ್ಚಿದೆ. ನೋಡ್ತೀನಿ, ಕಸದ ಬುಟ್ಟಿ ತುಂಬಿ ತುಳಕ್ತೈತಿ. ಅಮಾಸಿ ದಿನ ಕಸ ಇಟ್ಕೊಂಡು ಪೂಜಿ ಮಾಡಾಕ ಬರತೈತೇನು? ನೀನ ಒಂದಿನ ತೋರಿಸಿದ್ದಿ ಖಾಲಿ ಮಾಡೋದು. ಖರೇನ ಅಳಿಸ್ಲೇನು ಅಂತ ಕೇಳ್ತು, ಹೂಂ ಅಂದೆ." ಅಷ್ಟು ಹೇಳಿ ಹೆಂಡತಿಯ ಮುಖ ನೋಡಿದ. "ಯಾಕ, ಏನಾತು?"

"ನಿಮ್ಮ ಭಕ್ತಿಗೆ ಬೆಂಕಿ ಬೀಳಲಿ! ಅದರಾಗ ಬೊಮ್ಮಮ್ಮನ ದನಿ ಇತ್ತು!"

ಅಂದದ್ದೇ ತಡ, ನಾಲಗೆ ಕಚ್ಚಿಕೊಂಡಳು. ಗಂಡನಿಗೆ ಯಾಕೆ ಬೈಯಬೇಕು? ಕಸದ ಬುಟ್ಟಿಯಲ್ಲಿ ಇಟ್ಟವಳು ಯಾರು? ಮುದುಕ ಇಬ್ಬರನ್ನೂ ನೋಡುತ್ತಿದ್ದ. ಏನೋ ಕೆಟ್ಟದ್ದಾಗಿದೆ ಅನ್ನೋದು ಅವನಿಗೆ ತಿಳಿದಿತ್ತು, ಏನು ಅನ್ನೋದು ತಿಳಿದಿರಲಿಲ್ಲ.

ಶಾಂಭವಿ ಮೌಸಿನಿಂದ ಕೈ ತೆಗೆದಳು, ಬಿಸಿ ಹಂಚು ಮುಟ್ಟಿದವರ ಹಾಗೆ. ನೋಟ್‌ಬುಕ್ ಎಳೆದುಕೊಂಡು ಹಾಳೆ ಮಗುಚಿದಳು. ಇತ್ತು, ಹೋದ ವರ್ಷದ ಕತ್ತರಿಕೆ. ಕಸದ ಬುಟ್ಟಿಯಿಂದಲೂ ಅಳಿಸಿದ ಫೈಲನ್ನು ಮರಳಿ ಪಡೆಯುವ ಉಚಿತ ತಂತ್ರಾಂಶ. ಕೆಳಗೆ ದಪ್ಪ ಅಕ್ಷರದಲ್ಲಿ ಎಚ್ಚರಿಕೆ: ಅಳಿಸಿದ ಮೇಲೆ ಆ ಡಿಸ್ಕಿನ ಮೇಲೆ ಏನನ್ನೂ ಬರೆಯಬೇಡಿ, ಹೊಸದಾಗಿ ಬರೆದದ್ದು ಹಳೆಯದರ ಮೇಲೆಯೇ ಕೂರಬಹುದು. ಅವಳು ಮುದುಕನ ಕಡೆ ತಿರುಗಿ ಎಲ್ಲವನ್ನೂ ಹೇಳಿದಳು, ಏನೂ ಮುಚ್ಚಿಡಲಿಲ್ಲ.

ಜಂಬಯ್ಯ ಕೋಲಿನ ತುದಿಯಿಂದ ನೆಲ ಗೀರಿದ. "ಅಂದ್ರ ಹಿಂಡು ಎದ್ದು ಹೋದ ಮ್ಯಾಲೆ ಹೊಲದಾಗ ಹೆಜ್ಜಿ ಇರತಾವಲ್ಲ, ಹಂಗ. ಇನ್ನೊಂದು ಹಿಂಡು ಬಂದು ತುಳಿದ್ರ ಹೋತು."

"ಹೌದು ಯಜ್ಜಾ. ಹಂಗ ಐತಿ."

"ಹಂಗಾರ ಯಾರನ್ನೂ ತುಳಿಯಾಕ ಬಿಡಬ್ಯಾಡವ್ವ."

ಆ ತಂತ್ರಾಂಶವಿದ್ದ ಸೀಡಿ ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ. ಆದರೆ ಅದನ್ನು ಕೊಟ್ಟೂರಿನಲ್ಲಿ ಸೆಂಟರ್ ಇಟ್ಟಿದ್ದ ಗೆಳತಿ ಅಮೃತಾ ಒಯ್ದಿದ್ದಳು. ಶಾಂಭವಿ ಫೋನ್ ಹಚ್ಚಿದಳು, ಎಂಗೇಜ್. ಮತ್ತೆ ಹಚ್ಚಿದಳು, ಮತ್ತೆ ಎಂಗೇಜ್. ಇಂಟರ್ನೆಟ್ಟಿಗೂ ಫೋನಿಗೂ ಒಂದೇ ತಂತಿ, ಅಮೃತಾ ಇಂಟರ್ನೆಟ್ಟಿನಲ್ಲಿದ್ದರೆ ಇಡೀ ದಿನ ಎಂಗೇಜೇ. ಗಂಗಾಧರ ಕಿರಾಣಿ ಅಂಗಡಿಯ ಬಾಗಿಲು ಎಳೆದ, ಬೈಕಿಗೆ ಒದ್ದ. "ಒಂದು ಗಂಟಿ ಒಳಗ ಬರ್ತೀನಿ" ಅಂದ. ಅವನ ದನಿ ಸಣ್ಣಗಾಗಿತ್ತು.

ಅವನು ಹೋದ ಮೇಲೆ ಶಾಂಭವಿಗೆ ಇನ್ನೊಂದು ನೆನಪಾಯಿತು. ಅಮೃತಾ ಇವತ್ತು ಇಂಟರ್ನೆಟ್ ಯಾಕೆ ಹಚ್ಚಿದ್ದಾಳೆ? ಎಸ್ಸೆಸ್ಸೆಲ್ಸಿ ರಿಸಲ್ಟು!

ಹನ್ನೆರಡಕ್ಕೆ ರಿಸಲ್ಟು ಬಿಡುವವರಿದ್ದರು. ಹನ್ನೊಂದೂವರೆಗೇ ಬಾಗಿಲ ಮುಂದೆ ಮೂವತ್ತು ಜನ. ಊರಲ್ಲಿ ಇನ್ನೊಂದು ಸೆಂಟರಿತ್ತು, ಅಲ್ಲಿ ಮೋಡೆಮ್ ಸುಟ್ಟು ವಾರವಾಗಿತ್ತು. ನಂಬರು ಬರೆದ ಚೀಟಿಗಳು ಕಿಟಕಿಯಿಂದ ಒಳಗೆ ಬಂದವು.

"ಇವತ್ತು ಇಂಟರ್ನೆಟ್ ಇಲ್ರಿ" ಅಂದಳು.

"ಮಷೀನ್ ಚಾಲೂ ಐತೆಲ್ರಿ! ಕಾಣಸ್ತೈತಿ!"

"ಕೆಟ್ಟೈತ್ರಿ. ಕೊಟ್ಟೂರಿಗೆ ಹೋಗ್ರಿ, ಇಲ್ಲಾಂದ್ರ ನಾಳಿ ಶಾಲಿ ಬೋರ್ಡಿಗೆ ಹಚ್ಚತಾರ."

"ನಾಳಿ ತನಕ ಜೀವ ಹಿಡಕೊಂಡು ಕುಂದ್ರಬೇಕೇನು?" ಅಂತ ಯಾರೋ ಒದರಿದರು. ಇನ್ನೊಬ್ಬರು ಬಾಗಿಲನ್ನು ಕೈಯಿಂದ ಬಡಿದರು. ಇಂಟರ್ನೆಟ್ಟಿನಲ್ಲಿ ನೋಡಿದ ಒಂದೊಂದು ಪುಟವನ್ನೂ ಈ ಯಂತ್ರ ಹೇಳದೆ ಕೇಳದೆ ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ ಅಂತ ಅವರಿಗೆ ಹೇಗೆ ಹೇಳೋದು? ಒಬ್ಬ ಸತ್ತ ಹೆಂಗಸಿನ ದನಿಗೋಸ್ಕರ ನಿಮ್ಮ ಮಕ್ಕಳ ರಿಸಲ್ಟು ತೋರಿಸೋದಿಲ್ಲ ಅಂದರೆ ಹೊಡೆಯೋಕೇ ಬರುತ್ತಿದ್ದರು. ಜಂಬಯ್ಯ ಎದ್ದು ಹೋಗಿ ಹೊಸ್ತಿಲಲ್ಲಿ ಅಡ್ಡ ಕೂತ. ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡ. ಕೆಲವರು ಬೈದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು, ಉಳಿದವರು ಬೇವಿನ ನೆರಳಿಗೆ ಸರಿದರು.

ಹನ್ನೆರಡೂವರೆಯಾಯಿತು. ಗಂಗಾಧರ ಬರಲಿಲ್ಲ. ಎರಡು ಗಂಟೆಗೆ ಕರೆಂಟ್ ತೆಗೀತಾರೆ, ಯುಪಿಎಸ್ ಹಳೇದು, ಹತ್ತು ನಿಮಿಷ ತಡೆದರೆ ಹೆಚ್ಚು. ಕರೆಂಟ್ ಹೋಗಿ ಯಂತ್ರ ಸತ್ತರೆ, ಮತ್ತೆ ಎದ್ದಾಗ ಅದು ಡಿಸ್ಕನ್ನೆಲ್ಲ ತಾನೇ ಕೆದರಿ ಸರಿಮಾಡೋಕೆ ಹೊರಡುತ್ತದೆ, ಮುಂಚೆಯೇ ಆರಿಸೋಣವೆಂದರೆ ಆರುವಾಗಲೂ ಏನೋ ಬರೆಯುತ್ತದೆ. ಅದೂ ನೋಟ್‌ಬುಕ್ಕಿನಲ್ಲಿತ್ತು. ಎಲ್ಲ ಗೊತ್ತಿದ್ದೂ ಕೈಕಟ್ಟಿ ಕೂರೋದಕ್ಕಿಂತ ಏನೂ ಗೊತ್ತಿಲ್ಲದಿರೋದು ಲೇಸು ಅನ್ನಿಸಿತು ಅವಳಿಗೆ.

ಆಗ ಬಂದಳು ಪಕ್ಕೀರಮ್ಮ. ಹಿಂದಿನ ಓಣಿಯವಳು, ತರಕಾರಿ ಮಾರುವವಳು. ಕಾಲಲ್ಲಿ ಚಪ್ಪಲಿಯಿಲ್ಲ, ತಲೆಗೂದಲು ಕೆದರಿತ್ತು. ಜಂಬಯ್ಯನ ಕೋಲನ್ನು ದಾಟಿಯೇ ಒಳಗೆ ಬಂದಳು.

"ಅಕ್ಕಾ, ನಮ್ಮ ರೇಣುಕಾ ಒಳಗ ಚಿಲಕ ಹಾಕ್ಕೊಂಡಾಳ. ಬೆಳಿಗ್ಗಿಂದ ತಗೀವಲ್ಲಳು. ಹೋದ ವರ್ಷ ಲೆಕ್ಕದಾಗ ಹೋದಾಗ ಬಾವಿ ಕಡಿ ಓಡಿದ್ಲು, ನಿನಗ ಗೊತ್ತೈತೆಲ್ಲ! ಈಗ ಒಳಗಿಂದ ದನಿನೂ ಇಲ್ಲ. ಗಂಡಸರು ಬಾಗಿಲ ಮೀಟಾಕ ಹತ್ಯಾರ, ಮುಟ್ಟಿದ್ರ ನೋಡ್ರಿ ಅಂತ ಒಮ್ಮೆ ಒದರಿದ್ಲು, ಅಷ್ಟ. ನಂಬರ್ ನೋಡಕ್ಕ. ಪಾಸಾಗ್ಯಾಳ ಅಂತ ಹೇಳಿದ್ರ ತಗೀತಾಳ."

"ಪಾಸಾಗ್ಯಾಳಂತ ಸುಮ್ಮನ ಹೇಳು ಪಕ್ಕೀರಮ್ಮ!"

"ಹೇಳಿದೆ! ಎಷ್ಟು ಮಾರ್ಕ್ಸು ಅಂತ ಆಗ ಕೇಳಿದ್ಲು, ಒಂದೊಂದರಾಗ ಎಷ್ಟು ಅಂತ. ಸುಳ್ಳು ಅಂತ ಗೊತ್ತಾದ್ರ ಏನು ಮಾಡ್ಲಿ?"

ಅಮೃತಾಳೇ ನೋಡಿ ಹೇಳಲಿ ಅಂತ ಶಾಂಭವಿ ಫೋನ್ ಎತ್ತಿದಳು. ಕೊಟ್ಟೂರು ಎಂಗೇಜ್. ಇಟ್ಟು ಮತ್ತೆ ತಿರುಗಿಸಿದಳು, ಎಂಗೇಜ್. ಮೂರನೇ ಸಲ ಅವಸರದಲ್ಲಿ ನಂಬರೇ ತಪ್ಪಿತು. ಪಕ್ಕೀರಮ್ಮ ಚೀಟಿ ಹಿಡಿದ ಕೈಯನ್ನು ಕೆಳಗಿಳಿಸಲಿಲ್ಲ. ಶಾಂಭವಿ ಜಂಬಯ್ಯನ ಕಡೆ ನೋಡಲಾರದೆ ಪರದೆಯನ್ನು ನೋಡಿದಳು, ಅಲ್ಲಿ ಆ ಖಾಲಿ ಬುಟ್ಟಿ. ದೇವರೇ, ನನ್ನನ್ನು ಯಾಕೆ ಈ ಕುರ್ಚಿಯ ಮೇಲೆ ಕೂರಿಸಿದೆ ಅಂತ ಮನಸ್ಸಿನಲ್ಲೇ ಅತ್ತಳು.

"ತಗಿಯವ್ವ" ಅಂದ ಜಂಬಯ್ಯ.

"ಯಜ್ಜಾ, ಬರದ್ರ ಮತ್ತ..."

"ಗೊತ್ತೈತಿ. ನೀನ ಹೇಳಿದೆಲ್ಲ." ಹೊಸ್ತಿಲ ಮೇಲಿಂದ ಎದ್ದು ನಿಂತ. "ಇದ್ದಾಕಿದು ಮೊದಲು ನೋಡು. ನಮ್ಮಾಕಿ ಇದ್ದಿದ್ರೂ ಇದ ಹೇಳ್ತಿದ್ಲು. ಲಗೂನ ನೋಡವ್ವ."

ಶಾಂಭವಿ ಕಣ್ಣೊರೆಸಿಕೊಳ್ಳಲೂ ಇಲ್ಲ. ಮೋಡೆಮ್ ಕಿರುಚಿತು, ಗೊರಗೊರ ಅಂದಿತು, ಸಂಪರ್ಕ ಸಿಕ್ಕಿತು. ಪುಟ ಅರ್ಧ ಬಂದು ನಿಂತಿತು. ಕಂಪ್ಯೂಟರಿನ ಡಬ್ಬಿಯ ಮೇಲಿನ ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು, ಒಂದೊಂದು ಮಿಣುಕಿಗೂ ಎಲ್ಲೋ ಏನೋ ಬರೆಯುತ್ತಿದೆ ಅಂತ ಅವಳಿಗೆ ಗೊತ್ತಿತ್ತು. ನಂಬರ್ ಹೊಡೆದಳು. ಮತ್ತೆ ಮಿಣಮಿಣ. ಕೊನೆಗೆ ಬಂತು.

"ಪಾಸು! ಪಕ್ಕೀರಮ್ಮ, ಪಾಸು! ಲೆಕ್ಕದಾಗ ನಲವತ್ತೊಂದು!" ಉಳಿದ ಮಾರ್ಕ್ಸುಗಳನ್ನೂ ಚೀಟಿಯ ಹಿಂದೆ ಗೀಚಿಕೊಟ್ಟಳು. ಪಕ್ಕೀರಮ್ಮ ಥ್ಯಾಂಕ್ಸೂ ಇಲ್ಲ ಏನೂ ಇಲ್ಲ, ಚೀಟಿ ಕಸಿದುಕೊಂಡು ಓಡಿದಳು. ಅದೇ ಸರಿ.

ಬೇವಿನ ನೆರಳಿನವರು ಇದನ್ನು ನೋಡಿ ಬಿಡುತ್ತಾರೆಯೇ? ನುಗ್ಗಿ ಬಂದರು. "ಆಕಿಗಾದ್ರ ಆತು, ನಮಗ ಆಗಲ್ಲೇನು?" ಜಂಬಯ್ಯ ಕೋಲು ಅಡ್ಡ ಹಿಡಿದ. ಮೊದಲ ಸಲ ಅವನ ದನಿ ಏರಿತು. "ಒಂದು ಅಂದ್ರ ಒಂದ! ಅದನ್ನ ನಾ ಕೊಟ್ಟೀನಿ. ಇನ್ನೊಂದು ಕೊಡಾಕ ನನ್ನ ಹತ್ರ ಇಲ್ಲ." ಅವನು ಏನು ಹೇಳುತ್ತಿದ್ದಾನೆ ಅಂತ ಯಾರಿಗೂ ಅರ್ಥವಾಗಲಿಲ್ಲ, ಆದರೆ ಆ ಮುಖ ನೋಡಿ ಹಿಂದೆ ಸರಿದರು. ಹಿಂದಿನ ಓಣಿಯಿಂದ ಆಮೇಲೊಂದು ಕೂಗು ಕೇಳಿತು, ಅಳುವೋ ನಗುವೋ ತಿಳಿಯದಂಥದ್ದು. ಬಾಗಿಲು ತೆಗೆದಿದ್ದಾಳೆ ಅಂತ ಯಾರೋ ಬಂದು ಹೇಳಿದರು.

ಗಂಗಾಧರ ಬಂದಾಗ ಎರಡಕ್ಕೆ ಎರಡು ನಿಮಿಷ. ಅಂಗಿಯೆಲ್ಲ ಧೂಳು, ನಡುದಾರಿಯಲ್ಲಿ ಟೈರು ಪಂಕ್ಚರ್ ಆಗಿ ಅರ್ಧ ದಾರಿ ತಳ್ಳಿಕೊಂಡೇ ಬಂದಿದ್ದ. ಸೀಡಿ ಕೊಟ್ಟ. ಶಾಂಭವಿ ಅದನ್ನು ಒಳಗೆ ತಳ್ಳುತ್ತಿದ್ದ ಹಾಗೇ ತಲೆಯ ಮೇಲಿನ ಫ್ಯಾನು ನಿಂತಿತು. ಯುಪಿಎಸ್ ಕುಂಯ್ ಅಂದಿತು.

ತಂತ್ರಾಂಶವನ್ನು ಸೀಡಿಯಿಂದಲೇ ಓಡಿಸಿದಳು, ಡಿಸ್ಕಿಗೆ ಇಳಿಸಲಿಲ್ಲ. ಹುಡುಕಾಟದ ನೀಲಿ ಪಟ್ಟಿ ತೆವಳಿತು. ಯುಪಿಎಸ್ ಒಂದೇ ಸಮ ಕುಂಯ್ಗುಡುತ್ತಿತ್ತು. ಮೂರು ನಿಮಿಷ. ನಾಲ್ಕು. ಅಳಿಸಿದ ಫೈಲುಗಳ ಉದ್ದ ಪಟ್ಟಿ ಬಂತು, ಒಂದೊಂದರ ಹೆಸರಿನ ಮೊದಲ ಅಕ್ಷರವೂ ಹಾರಿಹೋಗಿತ್ತು. ದನಿಯ ಫೈಲು ಒಂದೇ ಒಂದು. ಅದನ್ನು ಫ್ಲಾಪಿಗೆ ಇಳಿಸು ಅಂದಳು. ಫ್ಲಾಪಿ ಕರಕರ ತಿರುಗಿತು, ನಿಂತಿತು, ಮತ್ತೆ ತಿರುಗಿತು.

"ಬಂತು" ಅಂದಳು. "ಯಜ್ಜಾ, ನಿನ್ನ ಟೇಪ್ ಸ್ಪೀಕರಿಗಿ ಹತ್ತಿಸಿ ಇಡು. ಈಗ ಒಂದ ಸಲ ಹಚ್ಚಾಕ ಆಗೋದು, ಬ್ಯಾಟರಿ ಮುಗೀತು."

ಶಾಂಭವಿ ಮುದುಕನಿಗೆ ಎಲ್ಲ ಹೇಳುವಾಗಲೇ ಆ ಆಣೆಯ ವಿಷಯ ಗಂಗಾಧರನ ಕಿವಿಗೂ ಬಿದ್ದಿತ್ತು. ಅವನು ಹೊರಗೆ ಹೋಗಿ ಶಟರನ್ನು ಅರ್ಧ ಎಳೆದು, ಬೆನ್ನು ಹಾಕಿ ನಿಂತ. ಜಂಬಯ್ಯ ಟೇಪಿನ ಕೆಂಪು ಗುಂಡಿ ಒತ್ತಿದ. ಶಾಂಭವಿ ಫೈಲು ಹಚ್ಚಿದಳು.

"ಹಾಡ್ಲೇನವ್ವಾ?" ಅಂದಳು ಬೊಮ್ಮಮ್ಮ, ನಗುತ್ತಾ. ಜಂಬಯ್ಯನ ಕೈ ಮೇಜಿನ ಅಂಚನ್ನು ಹಿಡಿಯಿತು. ಹಾಡಿನ ಮೊದಲ ಎಳೆ ಎದ್ದಿತು, ಅಷ್ಟರಲ್ಲಿ ಗರ್ರ್ ಅಂತ ಕರ್ಕಶ ಸದ್ದು. ದನಿಯಲ್ಲ, ಬರೀ ಗರಗರ. ಅರ್ಧ ನಿಮಿಷ ಗರಗರ. ಒಂದು ನಿಮಿಷ ಗರಗರ. ರಿಸಲ್ಟಿನ ಪುಟ ಹಾಡಿನ ಮೇಲೆಯೇ ಬಂದು ಕೂತಿತ್ತು. ಶಾಂಭವಿ ಬಾಯಿಗೆ ಸೆರಗು ಒತ್ತಿಕೊಂಡಳು. ಹಾಡು ಹೋಯಿತು. ಪೂರಾ ಹೋಯಿತು. ಮುದುಕ ಕಣ್ಣು ಮುಚ್ಚಿಕೊಂಡು ಆ ಗರಗರವನ್ನೇ ಕೇಳುತ್ತಾ ನಿಂತಿದ್ದ, ಅದೂ ಅವಳದೇ ಅನ್ನುವವನ ಹಾಗೆ.

ಗರಗರ ನಿಂತಿತು.

"...ಸಾಕು ಬಿಡವ್ವ, ಗಂಟಲಾ ಒಣಗ್ತು. ನಮ್ಮಾತ ಅದಾನಲ್ಲ, ಕುರಿ ಸಂಗಾಟ ಹ್ವಾದ್ರ ನಾಕು ತಿಂಗಳು ಮಾರಿ ತೋರ್ಸಂಗಿಲ್ಲ. ಬಂದು ಹೊಸ್ತಿಲದಾಗ ನಿಂತು ಮೊದಲು ಏನು ಕೇಳ್ತಾನ ಹೇಳು? ಉಂಡಿಯೇನ, ಅಂತ. ನಾನು ಉಪಾಸ ಇದ್ರೂ ಉಂಡೀನಿ ಅಂತೀನಿ. ಇಲ್ಲಾಂದ್ರ ಆತಗ ಸಂಕಟ ಆಕ್ಕೈತಿ ನೋಡು." ಬಳೆಯ ಸದ್ದು. ಬೆಂಚು ಸರಿದ ಸದ್ದು. "ನನ್ನನ್ನೇನೋ ಆತ ಕೇಳ್ತಾನ. ಅಡವ್ಯಾಗ ಆತನ್ನ ಯಾರು ಕೇಳ್ತಾರ ಹೇಳವ್ವ? ಒಮ್ಮೊಮ್ಮೆ ಮನ್ಯಾಗ ಒಬ್ಬಾಕೀನ ಕುಂತು ಕೇಳ್ತಿರ್ತೀನಿ, ಹುಚ್ಚಿ ಹಂಗ. ಉಂಡಿಯೇನಪಾ ನೀನು? ಅಂತ."

ಯುಪಿಎಸ್ ಉದ್ದಕ್ಕೆ ಒಮ್ಮೆ ಕಿರುಚಿ ಸತ್ತಿತು. ಪರದೆ ಕಪ್ಪಾಯಿತು. ಕತ್ತಲಾದ ಗಾಜಿನಲ್ಲಿ ಮುದುಕನ ಮುಖವೊಂದೇ ಕಾಣುತ್ತಿತ್ತು. ಮೇಜಿನ ಮೇಲೆ ಕ್ಯಾಸೆಟ್ ಮಾತ್ರ ಇನ್ನೂ ತಿರುಗುತ್ತಿತ್ತು.

ಜಂಬಯ್ಯ ಬಗ್ಗಿದ. ಸತ್ತ ಪೆಟ್ಟಿಗೆಯ ಹತ್ತಿರಕ್ಕೆ ಬಾಯಿ ತಂದ.

"ಉಂಡೀನಿ" ಅಂದ. "ಉಂಡೀನಿ ಬಿಡಲೇ."

ಶಾಂಭವಿ ಟೇಪಿನ ಗುಂಡಿ ನಿಲ್ಲಿಸಲಿಲ್ಲ. ಪಕ್ಕದಲ್ಲಿದ್ದ ರೊಟ್ಟಿಯ ಗಂಟಿನ ಕಡೆ ನೋಡಿದಳು, ಹಾಕಿದ ಗಂಟು ಹಾಗೇ ಇತ್ತು. ಅದನ್ನು ಬಿಚ್ಚಿ, ರೊಟ್ಟಿ ಮುರಿದು, ಅವನ ಮುಂದೆ ಇಟ್ಟಳು.